ಎರಡು ಮನೆಯ ಕರೆಂಟು ಕುಡಿದ ಗಾಡಿ

ಪೆಟ್ರೋಲ್ ಹಾಕಿಸುವವರನ್ನು ಕಂಡರೆ ನನಗೆ ಈಗೀಗ ಕನಿಕರ ಬರುತ್ತದೆ. ಬಂಕಿನ ಮುಂದೆ ಸಾಲುಗಟ್ಟಿ ನಿಂತವರ ಪಕ್ಕದಲ್ಲಿ ಸದ್ದಿಲ್ಲದೆ ಸಾಗುವಾಗ ಕತ್ತನ್ನು ತುಸು ಎತ್ತಿ, ಒಂದು ಮುಗುಳ್ನಗೆ ಬೀರಿ ಹೋಗುತ್ತೇನೆ. ಎಲೆಕ್ಟ್ರಿಕ್ ಮೋಟಾರ್‌ಸೈಕಲ್ ಕೊಂಡವನಿಗೆ ಇಷ್ಟಾದರೂ ಜಂಬ ಇರದಿದ್ದರೆ ಹೇಗೆ?

ನಾನು ಶಿವಮೊಗ್ಗದ ಒಂದು ಪಿಯು ಕಾಲೇಜಿನಲ್ಲಿ ಇತಿಹಾಸದ ಉಪನ್ಯಾಸಕ. ವಿದ್ಯುಚ್ಛಕ್ತಿಯ ಬಗ್ಗೆ ನನ್ನ ಜ್ಞಾನ ಸ್ವಿಚ್ಚಿನವರೆಗೆ ಮಾತ್ರ. ಗೋಡೆಯೊಳಗೆ ಏನು ನಡೆಯುತ್ತದೆ ಎನ್ನುವುದು ನನ್ನ ಸಿಲಬಸ್ಸಿನಲ್ಲಿಲ್ಲ. ಆದರೂ ಗಾಡಿ ಬಂದ ದಿನದಿಂದ ಸ್ಟಾಫ್ ರೂಮಿನಲ್ಲಿ ಫಿಸಿಕ್ಸ್ ಮೇಷ್ಟರಿಗೇ ಬ್ಯಾಟರಿಯ ಪಾಠ ಶುರುಮಾಡಿದ್ದೆ. ಅದರಲ್ಲೂ ನನ್ನ ಪರಮ ಹೆಮ್ಮೆಯ ವಸ್ತುವೆಂದರೆ ಸೀಟಿನ ಮುಂದೆ, ಎಡಗಡೆ, ಪುಟ್ಟ ಮುಚ್ಚಳದ ಹಿಂದೆ ಅಡಗಿರುವ ಎರಡನೇ ತೂತು. ಅದರ ಹೆಸರು ಆಕ್ಸಿಲರಿ ಚಾರ್ಜಿಂಗ್ ಪೋರ್ಟ್. ಮಾಮೂಲಿ ತೂತಿಗೆ ಒಂದು ಚಾರ್ಜರ್, ಇದಕ್ಕೆ ಇನ್ನೊಂದು ಚಾರ್ಜರ್ ಸಿಕ್ಕಿಸಿದರೆ ಗಾಡಿ ಅರ್ಧ ಹೊತ್ತಿನಲ್ಲೇ ತುಂಬುತ್ತದೆ! "ಆದ್ರೆ ಸರ್, ಎರಡನ್ನೂ ಹಾಕೋವಾಗ..." ಎಂದು ಶೋರೂಮಿನವರು ಏನೋ ಹೇಳತೊಡಗಿದ್ದರು. ನಾನು ಆಗಲೇ ಗಾಡಿಯ ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಿದ್ದೆ.

ಎರಡನೇ ಚಾರ್ಜರನ್ನೂ ಕೊಂಡುತಂದೆ. ಅದು ಇಟ್ಟಿಗೆಯಷ್ಟು ತೂಕವಿತ್ತು.

"ಒಂದು ಬಾಯಿಗೆ ಹಾಕೋಕೇ ನಿಮಗೆ ನೆನಪಿರಲ್ಲ, ಎರಡನೇ ಬಾಯಿ ಯಾಕ್ರೀ ಇದಕ್ಕೆ?" ಎಂದಳು ನನ್ನ ಹೆಂಡತಿ ಶೈಲಜಾ.

"ಆಪತ್ಕಾಲಕ್ಕೆ," ಎಂದೆ ಗಂಭೀರವಾಗಿ.

ಆಪತ್ಕಾಲ ಬೇಗನೇ ಬಂತು. ನಾನೇ ಕೈಹಿಡಿದು ಕರೆದುಕೊಂಡು ಬಂದೆ.

ನನ್ನ ಅಕ್ಕನ ಮಗಳು ಚೈತ್ರಾಳಿಗೆ ನಿಶ್ಚಿತಾರ್ಥ. ಶಿವಮೊಗ್ಗದಲ್ಲೇ ಅಕ್ಕನ ಮನೆಯಲ್ಲಿ, ದೀಪ ಹಚ್ಚುವ ಹೊತ್ತಿಗೆ ಮುಹೂರ್ತ. ಸೋದರಮಾವನಾದ ನನ್ನದು ಸೀರೆ, ಕುಪ್ಪಸದ ಜವಾಬ್ದಾರಿ. ಸೀರೆ ಆಗಲೇ ಅಕ್ಕನ ಮನೆ ಸೇರಿತ್ತು. ಕುಪ್ಪಸ ಮಾತ್ರ ಭದ್ರಾವತಿಯಲ್ಲಿತ್ತು. ನನ್ನ ಅತ್ತೆ ಗೌರಮ್ಮನವರು ಅದರ ತೋಳಿಗೆ ಮಣಿ, ಜರಿಯ ಕೆಲಸ ಮಾಡುತ್ತಾ ಮಾಡುತ್ತಾ ನಿಶ್ಚಿತಾರ್ಥದ ದಿನ ಬೆಳಗ್ಗೆಯವರೆಗೂ ತಂದು ನಿಲ್ಲಿಸಿದ್ದರು. "ಮುಗೀತು, ಬಂದು ತಗೊಂಡ್ಹೋಗಿ. ನಾವಂತೂ ಮನೆ ಬಿಟ್ಟು ಬರೋ ಹಾಗಿಲ್ಲ," ಎಂದು ಫೋನು ಬಂತು. ಮಧ್ಯಾಹ್ನ ಹುಡುಗಿ ಸಿಂಗಾರಕ್ಕೆ ಕೂರುವುದರೊಳಗೆ ಕುಪ್ಪಸ ಅವಳ ಕೈಸೇರಬೇಕು.

ಹಿಂದಿನ ರಾತ್ರಿಯೇ ಅಕ್ಕನ ಮನೆಗೆ ಬಂದು ಉಳಿದಿದ್ದ ನಾನು ಹೆಲ್ಮೆಟ್ ಎತ್ತಿಕೊಂಡೆ. ಭಾವ, ಅಂದರೆ ಅಕ್ಕನ ಯಜಮಾನರು, ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಚನ್ನೇಶ, ಬಸ್ಸಿಗೆ ಹೋಗ್ಬಾ ಮಾರಾಯ. ನಂಗೆ ಬೇಕಾಗಿರೋದು ಕುಪ್ಪಸ. ನಿನ್ ಗಾಡಿ ಅಲ್ಲ."

"ಭಾವ, ನೀವು ಆ ಕಾಫಿ ಕುಡಿದು ಮುಗಿಸೋದ್ರೊಳಗೆ ಬಂದಿರ್ತೀನಿ!"

"ಸರಿಯಪ್ಪ. ಬೀಗರು ಬಂದಾಗ ನೀನೇನಾದ್ರೂ ಅದನ್ನ ತಳ್ಕೊಂಡು ಬಂದ್ರೆ, ನೀನು ಯಾರು ಅಂತ ನಂಗೊತ್ತಿಲ್ಲ ಅಂತೀನಿ, ಹೇಳಿರ್ತೀನಿ."

ನೆರೆದ ನೆಂಟರೆಲ್ಲ ನಕ್ಕರು. ಶೈಲಜಾಳೂ ನಕ್ಕಳು. ಅಲ್ಲಿಗೆ ಅದು ಕುಪ್ಪಸದ ಪ್ರಶ್ನೆಯಾಗಿ ಉಳಿಯಲಿಲ್ಲ. ನನ್ನ ಮಾನದ ಪ್ರಶ್ನೆಯಾಯಿತು.

ಗಾಡಿ ಹತ್ತಿದ ಮೇಲೆ ಪರದೆ ನೋಡಿದೆ. ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದ ಗಾಡಿ ಕಾಲು ಭಾಗವಷ್ಟೇ ತುಂಬಿತ್ತು! ವಿಚಾರಿಸಿದರೆ ಹೋಳಿಗೆಯ ಹೂರಣ ರುಬ್ಬಲು ಯಾರೋ ನನ್ನ ಪ್ಲಗ್ ಕಿತ್ತು ಗ್ರೈಂಡರ್ ಹಾಕಿದ್ದರಂತೆ. ವಾಪಸ್ ಹಾಕುವುದು ಮರೆತರಂತೆ. ಈಗ ಇಳಿದು ಬಸ್ ಸ್ಟ್ಯಾಂಡಿಗೆ ನಡೆದರೆ ಭಾವ ಬಾಗಿಲಲ್ಲೇ ಇದ್ದಾರೆ. ಹೋಗಲು ಸಾಕು, ಬರುವಾಗ ದೇವರಿದ್ದಾನೆ ಎಂದು ಹೊರಟೆ.

ಹೋಗಲು ಸಾಕಾಗುತ್ತಿತ್ತು ಕೂಡ. ಆದರೆ ಮಾಚೇನಹಳ್ಳಿಯಲ್ಲಿ ವರ್ಕ್‌ಶಾಪ್ ಇಟ್ಟುಕೊಂಡಿರುವ ನನ್ನ ಹಳೇ ಸಹಪಾಠಿ ರಸ್ತೆಬದಿಯಲ್ಲಿ ನಿಂತಿದ್ದ. ಹೊಸ ಗಾಡಿ ಕೊಂಡವನು ಸಹಪಾಠಿಯನ್ನು ಕಂಡೂ ಕಾಣದಂತೆ ಹೋಗಲು ಸಾಧ್ಯವೇ? "ಒಂದು ರೌಂಡ್ ಕೊಡೋ," ಎಂದ. ಕೊಟ್ಟೆ. ಅವನು ಆ ಇಂಡಸ್ಟ್ರಿಯಲ್ ಏರಿಯಾದ ಅಷ್ಟೂ ಅಡ್ಡರಸ್ತೆಗಳನ್ನು ಪರಮ ವೇಗದಲ್ಲಿ ಸುತ್ತಿ, "ಚೆನ್ನಾಗಿದೆ, ಆದ್ರೆ ಸೌಂಡೇ ಇಲ್ವಲ್ಲೋ," ಎಂದು ಹಿಂದಿರುಗಿಸಿದ.

ಅಲ್ಲಿಂದ ಸ್ವಲ್ಪ ದೂರ ಹೋಗುವಷ್ಟರಲ್ಲಿ ಪರದೆಯ ಮೇಲೆ ಒಂದು ಆಮೆ ಪ್ರತ್ಯಕ್ಷವಾಯಿತು. ಚಾರ್ಜ್ ತಳ ಕಂಡಾಗ ಗಾಡಿ ತಾನಾಗಿಯೇ ನಿಧಾನವಾಗುತ್ತದೆ, ಅದರ ಗುರುತು ಈ ಆಮೆ. ಕೂರ್ಮಾವತಾರ! ಹಿಂದೆ ಹುಲ್ಲಿನ ಹೊರೆ ಕಟ್ಟಿಕೊಂಡಿದ್ದ ಸೈಕಲ್ಲೊಂದು ನನ್ನನ್ನು ದಾಟಿಹೋಯಿತು. ಸವಾರ ತಿರುಗಿ ನೋಡಿ ಕನಿಕರಪಟ್ಟ. ಭದ್ರಾವತಿಯ ಹಳೇ ಕ್ವಾರ್ಟರ್ಸಿನ ಅತ್ತೆ ಮನೆ ಗೇಟು ಮುಟ್ಟಿದಾಗ ಗಾಡಿ ಉಸ್ಸೆಂದು ನಿಂತುಬಿಟ್ಟಿತು.

ಶೈಲಜಾಳ ಫೋನು ಬಂತು. "ಚಾರ್ಜ್ ಎಷ್ಟಿದೆ?"

"ಇದೆ."

"ಎಷ್ಟಿದೆ ಅಂದೆ."

"ಎಷ್ಟಿರಬೇಕೋ ಅಷ್ಟಿದೆ."

"ರೀ, ಮರ್ಯಾದೆಯಾಗಿ ಬಸ್ಸಲ್ಲಿ ಬನ್ನಿ."

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿಗೇನೂ ಬರವಿಲ್ಲ. ಕೈ ಎತ್ತಿದರೆ ನಿಲ್ಲುತ್ತವೆ. ಆದರೆ ಬಸ್ಸಿನಿಂದ ಇಳಿದು ಭಾವನ ಮನೆಯ ಬೀದಿಯಲ್ಲಿ ನಡೆದುಬರುವ ನನ್ನನ್ನು ಊಹಿಸಿಕೊಂಡೆ. ಆಗಲಿಲ್ಲ. ಬ್ಯಾಗಿನಲ್ಲಿದ್ದ ಎರಡೂ ಚಾರ್ಜರುಗಳನ್ನು ಹೊರತೆಗೆದೆ. "ಅತ್ತೆ, ಈಗ ನೋಡಿ ವಿಜ್ಞಾನದ ಚಮತ್ಕಾರ!" ಎಂದು ಎರಡನೇ ಪೋರ್ಟಿನ ಮುಚ್ಚಳ ತೆರೆದೆ.

ಒಳಗೆ ತೂತಿರಲಿಲ್ಲ. ಗಟ್ಟಿಯಾಗಿ ಒಣಗಿ ಕೂತ ವಿಭೂತಿಯಿತ್ತು. ಅದರ ಮೇಲೆ ಕುಂಕುಮ, ಒಂದು ಸೇವಂತಿಗೆ ಎಸಳು, ನಾಲ್ಕಾರು ಅಕ್ಷತೆ ಕಾಳು!

"ಅಯ್ಯೋ ಶಿವನೇ, ಇದ್ಯಾರು ಮಾಡಿದ್ದು?" ಎಂದೆ.

"ನಾನೇ!" ಎಂದರು ಅತ್ತೆ ಅಭಿಮಾನದಿಂದ. "ಹೊಸ ಗಾಡಿ ಇಲ್ಲಿಗೆ ತಂದಾಗ ಪೂಜೆ ಮಾಡಿದ್ನಲ್ಲ, ಆಗ. ಪಾಪ, ಬಾಯ್ ಬಿಟ್ಕೊಂಡು ಖಾಲಿ ಇತ್ತು. ತುಂಬಿ ಮುಚ್ಚಳ ಹಾಕ್ದೆ."

"ಅತ್ತೆ, ಅದು ಕರೆಂಟು ಹೋಗೋ ದಾರಿ!"

"ವಿಭೂತಿ ಇರೋ ದಾರೀಲಿ ಏನು ತಾನೇ ಹೋಗಲ್ಲ ಅಂತೀರಿ ಅಳಿಯಂದ್ರೆ?"

ಗಾಡಿ ಪೂರ್ತಿ ಆಫ್ ಮಾಡಿ, ಅತ್ತೆಯ ಹೊಲಿಗೆ ಯಂತ್ರದ ಪುಟ್ಟ ಬ್ರಷ್ಷು ಹಿಡಿದು ಉತ್ಖನನಕ್ಕೆ ಕೂತೆ. ಇತಿಹಾಸ ಓದಿದ್ದು ಜೀವನದಲ್ಲಿ ಮೊದಲ ಬಾರಿಗೆ ಉಪಯೋಗಕ್ಕೆ ಬಂತು. ಒಂದು ಅಕ್ಷತೆ ಕಾಳು ಒಳಗೆ ಕಚ್ಚಿಕೊಂಡು ಬರಲೊಲ್ಲದು. ಪೊರಕೆ ಕಡ್ಡಿಗೆ ಕೈಹಾಕಿದೆ. "ದೇವರ ಅಕ್ಷತೆಗೆ ಪೊರಕೆ ಕಡ್ಡಿನಾ?" ಎಂದು ಅತ್ತೆ ಕಿರುಚಿ, ಉರಿದುಮುಗಿದ ಊದುಬತ್ತಿಯ ಕಡ್ಡಿ ಕೊಟ್ಟರು. ಕಾಳು ಬಂತು. ಕೆರೆದು ತೆಗೆದ ವಿಭೂತಿಯನ್ನು ಎಸೆಯಲು ಹೋದಾಗ ಮತ್ತೆ ತಡೆದರು. "ಪ್ರಸಾದ ಬಿಸಾಡ್ತಾರಾ?" ಎಂದು ಅಷ್ಟನ್ನೂ ನನ್ನ ಹಣೆಗೆ ಮೂರು ಪಟ್ಟೆಯಾಗಿ ಬಳಿದರು. ಆಕ್ಸಿಲರಿ ಪೋರ್ಟು ಖಾಲಿಯಾಯಿತು, ನನ್ನ ಹಣೆ ತುಂಬಿತು.

ಒಂದು ಚಾರ್ಜರನ್ನು ಹಾಲಿನ ಪಾಯಿಂಟಿಗೆ, ಇನ್ನೊಂದನ್ನು ಅಡುಗೆಮನೆಯದಕ್ಕೆ ಹಾಕಿ, ಎರಡೂ ಸ್ವಿಚ್ಚು ಒತ್ತಿದೆ.

ಢಬ್!

ಒಳಗೆ ಟಿವಿ ನೋಡುತ್ತಿದ್ದ ಮಾವ ನಿಧಾನವಾಗಿ ಹೊರಬಂದರು. ನನ್ನ ಮಾವ ಕಾರ್ಖಾನೆಯಿಂದ ನಿವೃತ್ತರು, ಮಾತಿನಿಂದಲೂ ನಿವೃತ್ತರು. "ಫ್ಯೂಸು," ಎಂದರು. ತಂತಿ ಕಟ್ಟಿ ಸರಿಮಾಡಿದರು. "ಈ ಮನೆ ಒಂದನ್ನ ಹೊರುತ್ತೆ. ಎರಡನ್ನ ಹೊರಲ್ಲ. ಇನ್ನೊಂದಕ್ಕೆ ಬೇರೆ ಲೈನ್ ಬೇಕು," ಎಂದು ಕಾಂಪೌಂಡ್ ಗೋಡೆಯ ಕಡೆ ನೋಡಿ ಮತ್ತೆ ಒಳಗೆ ಹೋದರು. ಶೋರೂಮಿನವರು ಅಂದು ಹೇಳಹೊರಟಿದ್ದು ಇದನ್ನೇ ಇರಬೇಕು.

ಗೋಡೆಯ ಆಚೆ ಸೆಲ್ವಿ ಅಕ್ಕನ ಮನೆ. ಅವರ ಯಜಮಾನರೂ ಮಾವನೂ ಕಾರ್ಖಾನೆಯಲ್ಲಿ ಒಂದೇ ಪಾಳಿಯವರು. ಒಂದು ಕಾಲಕ್ಕೆ ಈ ಎರಡು ಮನೆಗಳ ನಡುವೆ ಸಾರಿನ ಬಟ್ಟಲು ಓಡಾಡುತ್ತಿತ್ತು. ಆಮೇಲೆ ನಡುವೆ ಒಂದು ನುಗ್ಗೆಮರ ಬಂತು. ಮರ ಅವರದು, ಕೊಂಬೆ ಇತ್ತ ಕಡೆ. ಕಾಯಿ ಅವರು ಕಿತ್ತುಕೊಳ್ಳುತ್ತಿದ್ದರು, ಕಂಬಳಿಹುಳ ಇವರ ಅಂಗಳಕ್ಕೆ ಬೀಳುತ್ತಿತ್ತು. ಒಂದು ದಿನ ಅವರು ಊರಲ್ಲಿಲ್ಲದಾಗ ಅತ್ತೆ ಕೊಂಬೆ ಕಡಿಸಿದರು. ಅಂದಿನಿಂದ ಮಾತು ಬಂದ್. ಮನೆ ಬಿಟ್ಟುಹೋದರೆ ಆ ಕಡೆಯವರು ಏನು ಮಾಡಿಬಿಡುತ್ತಾರೋ ಎಂದು ಇಬ್ಬರೂ ವರ್ಷಗಳಿಂದ ಒಂದು ಮದುವೆ ಮುಂಜಿಗೂ ಹೋಗಿರಲಿಲ್ಲ. ತೀರಾ ಹೇಳಲೇಬೇಕಾದ ಮಾತಿದ್ದರೆ ಅತ್ತೆ ಕಾಗೆಗೆ ಹೇಳುತ್ತಿದ್ದರು, ಸೆಲ್ವಿ ಅಕ್ಕ ತಮ್ಮ ಕೋಳಿಗೆ ಹೇಳುತ್ತಿದ್ದರು.

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಅಂಗಳದ ಸುತ್ತ ನೋಡಿದರು. ಹಾಳಾದ್ದು ಒಂದು ಕಾಗೆಯೂ ಇರಲಿಲ್ಲ. ಕೊನೆಗೆ ನನ್ನ ಗಾಡಿಯ ಹ್ಯಾಂಡಲ್ ತಟ್ಟಿ, ಗೋಡೆಯಾಚೆ ಕೇಳುವಂತೆ ಹೇಳಿದರು:

"ಏ ಗಾಡಿ, ನಿಂಗೆ ಎರಡು ಮನೆ ಕರೆಂಟು ಬೇಕಂತೆ. ಮಗು ನಿಶ್ಚಿತಾರ್ಥ ಇದೆ. ಆ ಕಡೆಯವರಿಗೆ ಮನಸ್ಸಿದ್ರೆ ಕೊಡ್ತಾರೆ, ಇಲ್ದಿದ್ರೆ ಹೀಗೇ ಸಾಯಿ."

ಗೋಡೆಯಾಚೆ ಬಟ್ಟೆ ಒಗೆಯುವ ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಸೆಲ್ವಿ ಅಕ್ಕನ ತಲೆ ಮೇಲೆದ್ದಿತು. ಅವರೂ ಗಾಡಿಯನ್ನೇ ನೋಡುತ್ತಾ ಹೇಳಿದರು: "ಗಾಡಿ ಸಾಮಿ, ಕೊಂಬೆ ಕಡಿಯೋವಾಗ ನಮ್ಮನ್ನ ಯಾರೂ ಕೇಳ್ಲಿಲ್ಲ. ಆದ್ರೂ ಹಸ್ಕೊಂಡು ಬಂದೋರಿಗೆ ಇಲ್ಲ ಅನ್ನೋ ಜನ ಅಲ್ಲ ನಾವು. ವೈರು ಈ ಕಡೆ ಎಸಿ."

ನಾನು ಮಾವನ ಎಕ್ಸ್‌ಟೆನ್ಷನ್ ವೈರನ್ನು ಗೋಡೆಯಾಚೆ ದಾಟಿಸಿದೆ. ಸೆಲ್ವಿ ಅಕ್ಕ ಸ್ವಿಚ್ಚು ಒತ್ತಿದರು. ಪರದೆಯ ಮೇಲೆ ಎರಡು ಹಸಿರು ಪ್ಲಗ್ಗುಗಳು ಅಕ್ಕಪಕ್ಕ ಮೂಡಿದವು. ಯಾವ ಮನೆಯಲ್ಲೂ ಢಬ್ ಎನ್ನಲಿಲ್ಲ! ನನಗೆ ಕುಣಿಯಬೇಕೆನಿಸಿತು. ಅಷ್ಟು ಜಾಗವಿರಲಿಲ್ಲ, ಸುತ್ತ ವೈರು.

ಅತ್ತೆ ಕುಪ್ಪಸವನ್ನು ಹ್ಯಾಂಗರಿಗೆ ಹಾಕಿ ಬಾಗಿಲ ಮೊಳೆಗೆ ನೇತುಹಾಕಿದ್ದರು. ಸೆಲ್ವಿ ಅಕ್ಕನ ಕಣ್ಣು ಅದರ ಮೇಲೇ ಇತ್ತು. ತಡೆದು ತಡೆದು, ಕಡೆಗೆ, "ಗಾಡಿ ಸಾಮಿ," ಎಂದರು, "ಎಡಗಡೆ ತೋಳಲ್ಲಿ ಒಂದು ಮಣಿಸರ ಬಿಟ್ಕೊಂಡಿದೆ ಅಂತ ಹೇಳಪ್ಪ."

"ಎಲ್ಲಿ ಸೆಲ್ವಿ?" ಎಂದುಬಿಟ್ಟರು ಅತ್ತೆ.

ಆ ಹೆಸರು ಬಾಯಿಂದ ಜಾರಿದ್ದು ಅತ್ತೆಗೇ ಗೊತ್ತಾಗಲಿಲ್ಲ. ಗೊತ್ತಾದ ಮೇಲೆ ಮುಖ ಕೆಂಪಾಯಿತು. ಸೆಲ್ವಿ ಅಕ್ಕ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ನಿಂತೇ ಇದ್ದರು. "ಹಿಡ್ಕೊಡಿ ಗೌರಕ್ಕ, ನೋಡ್ತೀನಿ," ಎಂದು ಗೋಡೆಯ ಮೇಲಿಂದ ಕೈ ಚಾಚಿದರು. ಇಬ್ಬರೂ ಗೋಡೆಯ ಮೇಲೆ ಕುಪ್ಪಸ ಹರಡಿಕೊಂಡು ಮಣಿ ಪೋಣಿಸತೊಡಗಿದರು. ನಗಬಾರದು, ನನ್ನ ಕಣ್ಣಲ್ಲಿ ನೀರು ಬಂತು. ವಿಭೂತಿ ಬಿದ್ದಿರಬೇಕು ಎಂದು ಒರೆಸಿಕೊಂಡೆ.

ಆಮೇಲೆ ಮಾತು ನಿಲ್ಲಲೇ ಇಲ್ಲ. ವರ್ಷಗಟ್ಟಲೆ ಕಾಗೆಗೂ ಕೋಳಿಗೂ ಹೇಳದೆ ಉಳಿಸಿಕೊಂಡಿದ್ದ ಸುದ್ದಿಯೆಲ್ಲ ಗೋಡೆ ದಾಟಿತು. ನಡುವೆ ಅತ್ತೆ ಮಾವನ ಕಡೆ ತಿರುಗಿ, "ಪಾಪ, ನೀವೂ ಅವ್ರ ಯಜಮಾನ್ರ ಜೊತೆ ಮಾತಾಡಿ ಎಷ್ಟು ವರ್ಷ ಆಯ್ತೋ," ಎಂದು ಲೊಚಗುಟ್ಟಿದರು.

"ಬೆಳಗ್ಗೆ ಟೀ ಕುಡಿದ್ವಿ," ಎಂದರು ಮಾವ. "ದಿನಾ ಕುಡೀತೀವಿ."

ಊಟಕ್ಕೆ ಸೆಲ್ವಿ ಅಕ್ಕನ ನುಗ್ಗೆಕಾಯಿ ಸಾಂಬಾರು ಗೋಡೆ ಇಳಿದು ಬಂತು. ಗಾಡಿ ಅಷ್ಟರಲ್ಲಿ ಶಿವಮೊಗ್ಗ ಮುಟ್ಟುವಷ್ಟು ತುಂಬಿತ್ತು.

"ಸಾಕಲ್ವಾ ಅಳಿಯಂದ್ರೆ? ಹುಡುಗಿ ಕಾಯ್ತಿರ್ತಾಳೆ," ಎಂದರು ಅತ್ತೆ.

"ಸಾಕು ಅತ್ತೆ. ಆದ್ರೆ ಭಾವನಿಗೆ ನೂರಕ್ಕೆ ನೂರು ತೋರಿಸ್ಬೇಕು. ಇನ್ನೊಂದು ಸ್ವಲ್ಪ!" ಎಂದು ಮಾವನ ಮಂಚದಲ್ಲಿ ಒಂದು ಗಳಿಗೆ ಕಾಲು ಚಾಚಿದೆ. ನುಗ್ಗೆಕಾಯಿ ಸಾಂಬಾರು ಬಹಳ ಚೆನ್ನಾಗಿತ್ತು. ಬಹಳ ಉಂಡಿದ್ದೆ.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಎರಡೂ ಮನೆ ನಿಶ್ಶಬ್ದ. ಮೊಳೆಯಲ್ಲಿ ಹ್ಯಾಂಗರ್ ಮಾತ್ರ ಇತ್ತು.

"ಮಾವ, ಅತ್ತೆ ಎಲ್ಲಿ?"

"ಹೋದ್ರು. ಸೆಲ್ವೀನೂ ಹೋದ್ಳು."

"ಎಲ್ಲಿಗೆ?"

"ಶಿವಮೊಗ್ಗಕ್ಕೆ. ಬಸ್ಸಲ್ಲಿ."

"ಕುಪ್ಪಸ?"

"ಅದೂ ಬಸ್ಸಲ್ಲೇ."

ನಾನು ಮಂಚದ ಮೇಲೆ ಕುಸಿದೆ. ಮಾವ ಜೀವಮಾನದಲ್ಲೇ ಉದ್ದವಾದ ಮಾತೊಂದನ್ನು ಅಂದು ಆಡಿದರು: "ಮನೆ ಕಾಯೋಕೆ ಈಗ ಶತ್ರುಗಳೇ ಇಲ್ಲ, ಹೋಗ್ಬರ್ತೀವಿ ಅಂದ್ರು. ನಿಮ್ಮನ್ನ ಎಬ್ಬಿಸ್ಬೇಡಿ, ಗಾಡಿ ಜೊತೆ ಅವ್ರೂ ಚಾರ್ಜ್ ಆಗ್ಲಿ ಅಂದ್ರು."

ಹೊರಗೋಡಿ ಪರದೆ ನೋಡಿದೆ. ನೂರು! ಹೇಳಿಕೊಳ್ಳಲು ಸಂಕೋಚ, ಆದರೂ ಹೇಳುತ್ತೇನೆ: ಆ ಸ್ಥಿತಿಯಲ್ಲೂ ನನಗೆ ಸಂತೋಷವಾಯಿತು. ಚಾರ್ಜರುಗಳನ್ನು ತುಂಬಿಕೊಂಡು ಹೊರಟವನು ಮಾಚೇನಹಳ್ಳಿಯ ಸಹಪಾಠಿ ಕೈಬೀಸಿದರೂ ನಿಲ್ಲಲಿಲ್ಲ. ಹುಲ್ಲಿನ ಸೈಕಲ್ಲಿಗಾಗಿ ದಾರಿಯುದ್ದಕ್ಕೂ ಹುಡುಕಿದೆ. ಸಿಗಲಿಲ್ಲ. ಸಿಕ್ಕಿದ್ದರೆ ದಾಟಿ ತೋರಿಸುತ್ತಿದ್ದೆ.

ಅಕ್ಕನ ಮನೆ ಮುಂದೆ ಬೀಗರು ಆಗತಾನೇ ಕಾರಿನಿಂದ ಇಳಿಯುತ್ತಿದ್ದರು. ಸದ್ದಿಲ್ಲದೆ, ತಳ್ಳದೆ, ರಾಜಗಾಂಭೀರ್ಯದಿಂದ ಬಂದು ನಿಂತೆ. ಭಾವ ಬಂದು ಪರದೆ ಇಣುಕಿದರು. ಆಮೇಲೆ ನನ್ನ ಹಣೆ ನೋಡಿದರು, ಕೈ ನೋಡಿದರು.

"ಕುಪ್ಪಸ ಬಸ್ಸಲ್ಲಿ ಬಂತು. ನಿಮ್ಮತ್ತೆ ಬಸ್ಸಲ್ಲಿ ಬಂದ್ರು. ಅವ್ರ ಪಕ್ಕದ ಮನೆಯವರೂ ಬಂದ್ರು. ಗಾಡೀಲಿ ನೀನೇನು ತಂದೆ ಮಾರಾಯ?"

"ಎರಡು ಚಾರ್ಜರ್," ಎಂದೆ.

ಆದರೆ ಗೆಲುವು ನನ್ನದೇ ಆಗಿತ್ತು! ಒಳಗೆ ಅತ್ತೆ ಮತ್ತು ಸೆಲ್ವಿ ಅಕ್ಕ ಒಂದೇ ತಟ್ಟೆಯಿಂದ ಎಲೆಅಡಿಕೆ ಹಾಕಿಕೊಳ್ಳುತ್ತಾ, ಎರಡು ಮನೆ ಕರೆಂಟು ಕುಡಿದ ಗಾಡಿಯ ಕತೆಯನ್ನು ಆಗಲೇ ಊರಿಗೆಲ್ಲ ಹೇಳಿಬಿಟ್ಟಿದ್ದರು. ಚೈತ್ರಾ ಆ ಕುಪ್ಪಸ ತೊಟ್ಟು ಮಹಾಲಕ್ಷ್ಮಿಯಂತೆ ಕೂತಿದ್ದಳು. ಹೊಳಲೂರಿನ ಬೀಗರು ಎಲ್ಲರನ್ನೂ ಬಿಟ್ಟು ನನ್ನ ಬಳಿಗೆ ಬಂದರು.

"ಎರಡು ಬಾಯಿ ಐತಂತಲ್ಲ ಮೇಷ್ಟ್ರೆ ನಿಮ್ ಗಾಡಿಗೆ? ಹೆಂಗೆ, ಸ್ವಲ್ಪ ತೋರಿಸ್ರಲ್ಲಾ."

ಬೀಗರು ಕೇಳಿದ್ದನ್ನು ಇಲ್ಲ ಎನ್ನಬಾರದು. ಅದು ಶಾಸ್ತ್ರ. ಎರಡು ಲೈನ್ ಬೇಕೆಂಬುದು ನನಗೆ ನೆನಪಿತ್ತು. ಆದರೆ, "ನಮ್ದು ಹೊಸ ಮನೆ ಕಣಯ್ಯ, ಊರಿಗೇ ಸಾಲೋಷ್ಟು ಕರೆಂಟಿದೆ, ಹಾಕು!" ಎಂದರು ಭಾವ, ಬೀಗರ ಮುಂದೆ. ಸೀರಿಯಲ್ ಸೆಟ್ಟು, ಫ್ಯಾನುಗಳು, ಮೈಕು, ಬಿಸಿನೀರಿನ ಗೀಸರು, ಎಲ್ಲವೂ ಆ ಹೊತ್ತಿಗೆ ಅದೇ ಕರೆಂಟು ಕುಡಿಯುತ್ತಿದ್ದವು. ಇತಿಹಾಸದಿಂದ ಮನುಷ್ಯ ಪಾಠ ಕಲಿಯುವುದಿಲ್ಲ ಎಂದು ಪ್ರತಿವರ್ಷ ಮಕ್ಕಳಿಗೆ ಹೇಳುತ್ತೇನೆ. ಆ ಮಕ್ಕಳು ಅಂದು ನನ್ನನ್ನು ನೋಡಬೇಕಿತ್ತು.

ವರಾಂಡದಲ್ಲಿ ಒಂದು ಪ್ಲಗ್ ಹಾಕಿದೆ. ಒಳಗೆ ಹುಡುಗ ಉಂಗುರ ಹಿಡಿದ. ಇನ್ನೊಂದು ಪ್ಲಗ್ ಹಾಕಿದೆ.

ಮನೆಯೇ ಕತ್ತಲಾಯಿತು.

ಮೈಕು ಸತ್ತಿತು. ಫ್ಯಾನುಗಳು ನಿಟ್ಟುಸಿರುಬಿಟ್ಟು ನಿಂತವು. ಆ ಮೌನದಲ್ಲಿ ಶೈಲಜಾಳ ಧ್ವನಿ ಒಂದೇ ಕೇಳಿತು. "ರೀ!"

ಏನಾಯ್ತು ಎಂದು ಯಾರೂ ಕೇಳಲಿಲ್ಲ. ಯಾರು ಮಾಡಿದ್ದು ಎಂದಂತೂ ಕೇಳಲೇ ಇಲ್ಲ. ಕರೆಂಟಿನ ಪೆಟ್ಟಿಗೆ ಹುಡುಗ ಹುಡುಗಿ ಕೂತಿದ್ದ ಜಾಗದ ಹಿಂದೆ, ಗೋಡೆಗೆ ಬಿಗಿದು ಕಟ್ಟಿದ್ದ ಹೂವಿನ ಅಲಂಕಾರದ ಒಳಗಿತ್ತು. ಅದನ್ನು ಬಿಚ್ಚುವಂತಿಲ್ಲ, ಗಳಿಗೆ ಮೀರುವಂತಿಲ್ಲ. ಕತ್ತಲಲ್ಲಿ ಅತ್ತೆ ನಮ್ಮಕ್ಕನನ್ನು ವಿಚಾರಿಸುವುದು ಕೇಳಿಸಿತು: "ಪಕ್ಕದ ಮನೆಯವರ ಜೊತೆ ನಿಮ್ಗೆ ಮಾತಿದೆ ತಾನೇ?"

ಅಷ್ಟರಲ್ಲಿ ಸೆಲ್ವಿ ಅಕ್ಕ ಆರತಿ ತಟ್ಟೆಯ ದೀಪಗಳನ್ನು ಹಚ್ಚಿ ಎತ್ತಿ ಹಿಡಿದರು. ಅತ್ತೆ ಇನ್ನೊಂದು ತಟ್ಟೆ ಹಿಡಿದು ಎದುರಿಗೆ ನಿಂತರು. ಆ ಎರಡು ಬೆಳಕಿನ ನಡುವೆ ಹುಡುಗ ಉಂಗುರ ತೊಡಿಸಿದ. ತೋಳಿನ ಮಣಿಯೆಲ್ಲ ಮಿಣಮಿಣ ಹೊಳೆದವು. ಇಡೀ ನಿಶ್ಚಿತಾರ್ಥದ ಫೋಟೋಗಳಲ್ಲಿ ಚೈತ್ರಾ ಚೌಕಟ್ಟು ಹಾಕಿಸಿದ್ದು ಆ ಗಳಿಗೆಯದೊಂದನ್ನೇ. "ಅದಕ್ಕೆ ಕಾರಣ ಯಾರು?" ಎಂದು ಶೈಲಜಾಳನ್ನು ಎಷ್ಟು ಸಲ ಕೇಳಿದರೂ ಅವಳು ನನ್ನ ಹೆಸರು ಹೇಳುವುದಿಲ್ಲ.

ಈಗ ಭದ್ರಾವತಿಯಿಂದ ನಮ್ಮ ಮನೆಗೆ ಯಾವಾಗಲೂ ನುಗ್ಗೆಕಾಯಿ ಬರುತ್ತದೆ. ಅತ್ತೆಯೂ ಸೆಲ್ವಿ ಅಕ್ಕನೂ ಕರೆದ ಕಡೆಗೆಲ್ಲ ಜೊತೆಯಾಗಿ ಹೋಗುತ್ತಾರೆ. ಗೋಡೆಯ ಮೇಲಿನ ಆ ವೈರನ್ನು ಅತ್ತೆ ಇನ್ನೂ ತೆಗೆಸಿಲ್ಲ, ಅದರ ಮೇಲೆ ಸೆಲ್ವಿ ಅಕ್ಕ ಬಟ್ಟೆ ಒಣಹಾಕುತ್ತಾರಂತೆ. ಅದರ ಪ್ಲಗ್ ಕಿತ್ತಿಟ್ಟಿದ್ದೇನೆ ಎಂದು ಮಾವ ಫೋನು ಮಾಡಿ ಹೇಳಿದರು.

ಬರುವ ತಿಂಗಳು ಚೈತ್ರಾಳ ಮದುವೆ, ಹೊಳಲೂರಿನಲ್ಲಿ. ಭಾವ ಖುದ್ದಾಗಿ ಮನೆಗೆ ಬಂದು ಲಗ್ನಪತ್ರಿಕೆ ಕೊಟ್ಟು, ಕೈಮುಗಿದು, "ಬಸ್ಸಲ್ಲಿ ಬಾ ಮಾರಾಯ," ಎಂದರು. ಆಗಲಿ ಎಂದಿದ್ದೇನೆ. ಈಗಿನ ಬಸ್ಸುಗಳಲ್ಲಿ ಸೀಟಿನ ಪಕ್ಕದಲ್ಲೇ ಮೊಬೈಲ್ ಚಾರ್ಜ್ ಮಾಡಲು ಒಂದು ಪುಟ್ಟ ಪೋರ್ಟ್ ಇರುತ್ತದಂತೆ. ಅದನ್ನು ಮುಟ್ಟಕೂಡದು ಎಂದು ಶೈಲಜಾ ನನ್ನಿಂದ ಈಗಲೇ ಆಣೆ ಮಾಡಿಸಿಕೊಂಡಿದ್ದಾಳೆ.